ಹಂಚಿನಡಿಯ ಮರ: ಮುಂಬಯಿಯ ಇಗರ್ಜಿಗಳಿಗೊಂದು ಜಾಲತಾಣ

ಹಳೆಯ ಮರಗೆಲಸ ಉಳಿದಿರುವ ಇಗರ್ಜಿಗಳನ್ನು ನೋಡಿಬರಲು ಜನರನ್ನು ಮನೆಯಿಂದ ಹೊರಡಿಸುವ ಒಂದು ಜಾಲತಾಣ ಮುಂಬಯಿಗೆ ಬೇಕು. ಆದರೆ ಅದು ಈಗ ನಮ್ಮ ಮೊಬೈಲುಗಳಲ್ಲಿ ಕಾಣುವ ಪ್ರವಾಸಿ ಜಾಲತಾಣಗಳಂತೆ ಇರಬಾರದು ಎಂಬುದು ನನ್ನ ವಾದ. ಮರದ ಇಗರ್ಜಿಗಳತ್ತ ಜನರನ್ನು ಸೆಳೆಯುವ ಪ್ರಯತ್ನ ಬೇರೆ ದೇಶಗಳಲ್ಲಿ ಫಲ ಕೊಟ್ಟಿದೆ. ಪೋಲೆಂಡಿನ ದಕ್ಷಿಣಕ್ಕೆ, ಕ್ರಾಕೋವ್ ನಗರದ ಸುತ್ತಲಿನ ಮಾವೊಪೋಲ್ಸ್ಕಾ ಪ್ರಾಂತದಲ್ಲಿ, ಮರದ ಕಟ್ಟಡಗಳನ್ನೇ ಪೋಣಿಸಿ ಮಾಡಿದ ಒಂದು ಪ್ರವಾಸದ ದಾರಿ ಇದೆ. ಅದರಲ್ಲಿ 250ಕ್ಕೂ ಹೆಚ್ಚು ಕಟ್ಟಡಗಳಿವೆ. ಹೆಚ್ಚಿನವು ಹಳ್ಳಿಯ ಇಗರ್ಜಿಗಳು. ಆ ಸೀಮೆಯ ಆರು ಮರದ ಇಗರ್ಜಿಗಳು 2003ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಚಿಲಿ ದೇಶದ ಚಿಲೊಯೆ ದ್ವೀಪಗಳಲ್ಲಿ ದೋಣಿ ಕಟ್ಟುವ ಬಡಗಿಗಳೇ ಕಟ್ಟಿದ ಮರದ ಇಗರ್ಜಿಗಳಿವೆ. ಅವುಗಳಲ್ಲಿ 16 ಇಗರ್ಜಿಗಳಿಗೆ 2000ದಲ್ಲಿ ಅದೇ ಮನ್ನಣೆ ಸಿಕ್ಕಿತು. ಇವನ್ನು ಕೇಳಿದ ಕೂಡಲೇ ಮುಂಬಯಿಯವರು ಒಂದು ಪ್ರಶ್ನೆ ಹಾಕುತ್ತಾರೆ: ನಮ್ಮಲ್ಲಿ ಮರದ ಇಗರ್ಜಿ ಎಲ್ಲಿದೆ? ಇಲ್ಲಿರುವುದೆಲ್ಲ ಕಲ್ಲು, ಗಾರೆ, ಈಚೆಗೆ ಕಾಂಕ್ರೀಟು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಜಾಲತಾಣ ಹೇಗಿರಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ಮೊದಲು ಈಗಿನ ಪಟ್ಟಿಗಳನ್ನು ನೋಡೋಣ. ಮುಂಬಯಿಯ ಪ್ರಾಚೀನ ಇಗರ್ಜಿಗಳು ಎಂದು ಎಲ್ಲೇ ಹುಡುಕಿದರೂ ಹೆಸರಿನ ಪಕ್ಕದಲ್ಲಿ ಒಂದು ಇಸವಿ ಇರುತ್ತದೆ. ಇಸವಿ ಹಿಂದಕ್ಕೆ ಹೋದಷ್ಟೂ ಹೆಸರು ಮೇಲಕ್ಕೆ ಏರುತ್ತದೆ. ಮಾಹಿಮ್‌ನ ಸೇಂಟ್ ಮೈಕೆಲ್ ಇಗರ್ಜಿಗೆ 1534. ದಾದರಿನಲ್ಲಿ ಪೋರ್ಚುಗೀಸ್ ಚರ್ಚ್ ಎಂದೇ ಬಸ್ ಕಂಡಕ್ಟರುಗಳು ಕೂಗುವ ಅವರ್ ಲೇಡಿ ಆಫ್ ಸಾಲ್ವೇಶನ್ ಇಗರ್ಜಿಗೆ 1596. ಬೈಕಲಾದ ಗ್ಲೋರಿಯಾ ಚರ್ಚಿಗೆ 1632. ಬಾಂದ್ರಾದ ಮೌಂಟ್ ಮೇರಿಗೆ 1640. ಇಸವಿ ನಂಬಿ ಹೋದವರಿಗೆ ಅಲ್ಲಿ ಕಾಣುವುದೇನು? ಮಾಹಿಮ್‌ನಲ್ಲಿ ಈಗ ನಿಂತಿರುವ ಕಟ್ಟಡ 1973ರದು. ದಾದರಿನದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು 1970ರ ದಶಕದಲ್ಲಿ ರೂಪಿಸಿದ ಆಧುನಿಕ ಕಟ್ಟಡ. ಗ್ಲೋರಿಯಾ ಚರ್ಚು ಮೊದಲು ಮಝಗಾಂವ್‌ನಲ್ಲಿತ್ತು. 1911ರಲ್ಲಿ ಅದನ್ನು ಕೆಡವಿ, 1913ರ ಹೊತ್ತಿಗೆ ಬೈಕಲಾದಲ್ಲಿ ಹೊಸದಾಗಿ ಕಟ್ಟಿದರು. ಬಾಂದ್ರಾ ಗುಡ್ಡದ ಮೇಲಿನ ಈಗಿನ ಬೆಸಿಲಿಕಾ 1904ರ ಸುಮಾರಿಗೆ ಶಾಪೂರ್‌ಜಿ ಚಂದಾಭಾಯ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಎದ್ದದ್ದು. ಇವುಗಳಲ್ಲಿ ಯಾವುದೂ ಕಳಪೆಯಲ್ಲ. ಕೊರಿಯಾ ಅವರ ಕಟ್ಟಡವನ್ನು ನೋಡಲೆಂದೇ ವಾಸ್ತುಶಾಸ್ತ್ರದ ವಿದ್ಯಾರ್ಥಿಗಳು ಬರುತ್ತಾರೆ, ಬರಬೇಕು. ಆದರೆ ಹದಿನಾರನೆಯ ಶತಮಾನ ನೋಡಲು ಬಂದವನಿಗೆ ಇಪ್ಪತ್ತನೆಯ ಶತಮಾನ ತೋರಿಸಿ ಸುಮ್ಮನಿರುವುದು ಅವನಿಗೂ ಮೋಸ, ಆ ಕಟ್ಟಡಕ್ಕೂ ಅನ್ಯಾಯ. ಇಸವಿ ಇಲ್ಲಿ ಒಂದು ಧರ್ಮಕೇಂದ್ರದ ವಯಸ್ಸನ್ನು ಹೇಳುತ್ತದೆ, ಅಲ್ಲಿ ಕೂಡಿದ ಜನರ ವಯಸ್ಸನ್ನು ಹೇಳುತ್ತದೆ. ಕಣ್ಣಿಗೆ ಬೀಳುವ ಗೋಡೆಯ ವಯಸ್ಸು ಬೇರೆ, ಅದರೊಳಗಿನ ಮರದ ವಯಸ್ಸು ಮತ್ತೂ ಬೇರೆ.

ಈಗ ಮರದ ವಿಷಯಕ್ಕೆ ಬರೋಣ. ಪೋರ್ಚುಗೀಸರು ಸಾಲ್ಸೆಟ್ ದ್ವೀಪದಲ್ಲಿ, ಅಂದರೆ ಇವತ್ತಿನ ಉಪನಗರಗಳಲ್ಲಿ, ಕಟ್ಟಿಸಿದ ಇಗರ್ಜಿಗಳ ಗೋಡೆ ಕಲ್ಲಿನದು, ಮೇಲಿನ ಅರ್ಧ ಮರದ್ದು. ತೊಲೆ, ಪಕಾಸು, ರೀಪು, ಅದರ ಮೇಲೆ ಹಂಚು. ಒಳಗೆ ಬಲಿಪೀಠದ ಹಿಂದಿನ ಕೆತ್ತನೆಯ ಹಲಗೆ, ಪ್ರವಚನ ಪೀಠ, ಗಾಯಕರ ಅಟ್ಟ, ಬಾಗಿಲುವಾಡ ಎಲ್ಲವೂ ಮರ. ಈ ಮೇಲಿನ ಅರ್ಧ ಎಷ್ಟು ಮುಖ್ಯವೆಂಬುದು ಅದು ಹೋದಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅಂಧೇರಿಯ ಪೂರ್ವಕ್ಕೆ, ಸೀಪ್ಝ್ ಕೈಗಾರಿಕಾ ವಲಯದ ಆವರಣದೊಳಗೆ, 1579ರಲ್ಲಿ ಜೆಸುಯಿಟ್ ಪಾದ್ರಿಗಳು ಕಟ್ಟಿಸಿದ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಇಗರ್ಜಿಯ ಅವಶೇಷವಿದೆ. 1840ರಲ್ಲಿ ಸಾಂಕ್ರಾಮಿಕ ರೋಗ ಬಂದಾಗ ಊರವರು ಅದನ್ನು ಬಿಟ್ಟು ಮರೋಳಿನಲ್ಲಿ ಬೇರೆ ಇಗರ್ಜಿ ಮಾಡಿಕೊಂಡರು. ಹಳೆಯದರ ಮುಖಗೋಡೆ, ಕಮಾನುಗಳು ಉಳಿದಿವೆ, ಮಾಡು ಇಲ್ಲ. ಬೋರಿವಲಿಯ ಮಂಡಪೇಶ್ವರದಲ್ಲಿ ಶಿವನ ಗುಹಾಲಯದ ಮೇಲೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಎಬ್ಬಿಸಿದ ಕಟ್ಟಡದ ಗೋಡೆಗಳು ನಿಂತಿವೆ, ಮಾಡು ಇಲ್ಲ. 1739ರಲ್ಲಿ ಮರಾಠರ ಸೇನಾನಿ ಚಿಮಾಜಿ ಅಪ್ಪಾ ಗೆದ್ದ ವಸಯಿ ಕೋಟೆಯೊಳಗೆ ಸಾಲುಸಾಲಾಗಿ ಇಗರ್ಜಿಯ ಗೋಡೆಗಳಿವೆ. ಅವುಗಳ ನೆತ್ತಿಯ ಮೇಲೂ ಬಹುಮಟ್ಟಿಗೆ ಆಕಾಶವೇ. ಯುದ್ಧ, ರೋಗ, ಉದಾಸೀನ ಎಂದು ಕಾರಣಗಳು ಬೇರೆಬೇರೆ ಇರಬಹುದು. ಕಟ್ಟಡ ಸಾಯುವ ಕ್ರಮ ಮಾತ್ರ ಒಂದೇ. ಮೊದಲು ಮರ ಹೋಗುತ್ತದೆ, ಆಮೇಲೆ ಮಳೆ ಒಳಗೆ ಬರುತ್ತದೆ, ಕೊನೆಗೆ ಗೋಡೆ ಕರಗುತ್ತದೆ. ಆದ್ದರಿಂದ ಮುಂಬಯಿಯಲ್ಲಿ ಮರದ ಇಗರ್ಜಿ ಇಲ್ಲ ಎನ್ನುವವರಿಗೆ ನನ್ನ ಉತ್ತರ ಇದು: ಮಾಡು ಉಳಿದಿರುವ ಪ್ರತಿಯೊಂದು ಹಳೆಯ ಇಗರ್ಜಿಯೂ ಅರ್ಧ ಮರದ ಇಗರ್ಜಿಯೇ. ನಾವು ಆ ಅರ್ಧವನ್ನು ತಲೆಯೆತ್ತಿ ನೋಡಿಲ್ಲ, ಅಷ್ಟೆ.

ಈ ಮರದ ಕಥೆಯಲ್ಲಿ ಕನ್ನಡ ಕರಾವಳಿಗೂ ಪಾಲಿದೆ. ಮುಂಬಯಿಗೆ ತೇಗ ಬರುತ್ತಿದ್ದುದು ಸಮುದ್ರದ ದಾರಿಯಲ್ಲಿ, ಮಲಬಾರ್ ಮತ್ತು ಕೆನರಾ ಕಾಡುಗಳಿಂದ. ವಾಡಿಯಾ ಮನೆತನದವರು ಮುಂಬಯಿ ಹಡಗುಕಟ್ಟೆಯಲ್ಲಿ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. 1862ರಲ್ಲಿ ಆ ಕೆನರಾದ್ದೇ ಭಾಗವಾದ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮೂರು ವರ್ಷದ ಬಳಿಕ, 1865ರಲ್ಲಿ, ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಮುಂಬಯಿಯ ಮನೆ, ಶಾಲೆ, ಸ್ಟೇಷನ್ನು, ಇಗರ್ಜಿ ಎಲ್ಲದರ ಮೇಲೂ ಏರಿತು. ಇನ್ನೂರು ವರ್ಷ ಉಪ್ಪುನೀರಿನಲ್ಲಿ ನಿಂತ ತೇಗ ಇಗರ್ಜಿಯ ಮಾಡಿನಲ್ಲಿ ಏಕೆ ಕೊಳೆಯಬೇಕು ಎಂದು ನೀವು ಕೇಳಬಹುದು. ಮಂಗನೋ ಮಾಮರದ ಕೊಂಬೆಯೋ ಬಿದ್ದು ಒಂದು ಹಂಚು ಸೀಳುತ್ತದೆ. ಮಳೆಹನಿ ರೀಪಿನ ಮೇಲೆ ಬಿದ್ದು ಪಕಾಸಿನ ಗುಂಟ ಕೆಳಗಿಳಿಯುತ್ತದೆ. ನಡುವೆ ಗಾಳಿ ಆಡುವುದರಿಂದ ಅಲ್ಲಿ ಮರ ಒಣಗಿಬಿಡುತ್ತದೆ. ಆದರೆ ತೊಲೆಯ ತುದಿ ಗೋಡೆಯೊಳಗೆ ಹುಗಿದಿರುತ್ತದೆ. ಅಲ್ಲಿ ಗಾಳಿ ಇಲ್ಲ, ಸುತ್ತಲೂ ಸುಣ್ಣದ ಗಾರೆ ನೀರು ಹೀರಿಕೊಂಡು ಕೂತಿರುತ್ತದೆ. ಕೊಳೆ ಶುರುವಾಗುವುದು ಆ ತುದಿಯಲ್ಲಿ. ಕೆಳಗೆ ನಿಂತು ನೋಡುವವನಿಗೆ ತೊಲೆ ಗಟ್ಟಿಯಾಗಿ, ಎಣ್ಣೆ ಹಚ್ಚಿದಂತೆ ಕಾಣುತ್ತಿರುತ್ತದೆ. ಕಾಣದ ಒಂದು ಗೇಣು ಮಾತ್ರ ಪುಡಿಯಾಗಿರುತ್ತದೆ. ಗೆದ್ದಲು ಬಂದು ಉಳಿದುದನ್ನು ಮುಗಿಸುತ್ತದೆ. ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವುದು ಒಂದು ವರ್ಷ ತಪ್ಪಿದರೂ ನಷ್ಟ ದೊಡ್ಡದು. ಒಡೆದ ಒಂದು ಹಂಚನ್ನು ಬದಲಾಯಿಸುವ ಕೆಲಸ ಕಡೆಗೆ ಇಡೀ ಮಾಡನ್ನೇ ಇಳಿಸುವ ಕೆಲಸವಾಗಿ ಬೆಳೆಯುತ್ತದೆ. ಅಂಥ ಹೊತ್ತಿಗೆ ಇಗರ್ಜಿಯ ಸಮಿತಿಯಲ್ಲಿ ಕಾಂಕ್ರೀಟಿನ ಮಾತು ಬರುತ್ತದೆ.

ನಾನು ಹೇಳುವ ಜಾಲತಾಣದ ಒಂದೊಂದು ಪುಟವೂ ಇದನ್ನು ತಿಳಿದು ಕಟ್ಟಿದ್ದಾಗಿರಬೇಕು. ಇಗರ್ಜಿಯ ಹೆಸರಿನ ಕೆಳಗೆ ಒಂದು ಇಸವಿ ಸಾಲದು. ಧರ್ಮಕೇಂದ್ರ ಯಾವಾಗಿನದು, ಈಗಿನ ಗೋಡೆ ಯಾವಾಗಿನದು, ಒಳಗೆ ನೋಡಬೇಕಾದ ಮರ ಯಾವುದು ಎಂಬುದನ್ನು ಬೇರೆಬೇರೆಯಾಗಿ, ಸರಳ ವಾಕ್ಯಗಳಲ್ಲಿ ಹೇಳಬೇಕು. ಮರ ಉಳಿದಿಲ್ಲವಾದರೆ ಉಳಿದಿಲ್ಲ ಎಂದೇ ಬರೆಯಬೇಕು. ಬಾಂದ್ರಾದ ಸೇಂಟ್ ಆ್ಯಂಡ್ರೂ ಇಗರ್ಜಿಯ ಪುಟವನ್ನೇ ತೆಗೆದುಕೊಳ್ಳಿ. ಅದು 1575ರದು, ಜೆಸುಯಿಟರದು. 1739ರಲ್ಲಿ ಮರಾಠರ ದಂಡು ಹತ್ತಿರವಾದಾಗ ಬಾಂದ್ರಾದ ಕೋಟೆಕೊತ್ತಲಗಳನ್ನು ಕೆಡವಿದರೂ ಈ ಇಗರ್ಜಿ ಉಳಿಯಿತು. ಅಂಗಳದಲ್ಲಿರುವ ಏಕಶಿಲೆಯ ದೊಡ್ಡ ಶಿಲುಬೆ ಮೊದಲು ಈ ಇಗರ್ಜಿಯದೇ ಅಲ್ಲ. ಹಾಳಾದ ಸೇಂಟ್ ಆ್ಯನ್ ಕಾಲೇಜಿನಿಂದ ಬಂದದ್ದು. ಇಷ್ಟು ತಿಳಿದು ಹೋದವನ ಕಣ್ಣು ಕಟ್ಟಡದ ಮುಂದೆ ಐದು ನಿಮಿಷ ಹೆಚ್ಚು ನಿಲ್ಲುತ್ತದೆ. ಬರೀ ಚಿತ್ರ ನೋಡಿ ಹೋದವನು ಅದೇ ಚಿತ್ರವನ್ನು ತಾನೂ ತೆಗೆದು ತಿರುಗುತ್ತಾನೆ.

ದಾರಿಯ ಮಾತು ಇನ್ನೊಂದು. ವಿದೇಶದಲ್ಲಿ ಇಂಥ ಪ್ರವಾಸವೆಂದರೆ ಕಾರು, ಹೆದ್ದಾರಿ. ಮುಂಬಯಿಯಲ್ಲಿ ಕಾರು ಹೇಳಿ ಜನರನ್ನು ಹೊರಡಿಸಿದರೆ ಅವರ ದಿನ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮೇಲೆಯೇ ಕಳೆಯುತ್ತದೆ. ಗಾಂವ್ಠಾಣಗಳ, ಅಂದರೆ ನಗರದೊಳಗಿನ ಹಳೆಯ ಹಳ್ಳಿಗಳ, ಗಲ್ಲಿಗಳಲ್ಲಿ ಅದನ್ನು ನಿಲ್ಲಿಸಲೂ ಜಾಗವಿಲ್ಲ. ಇಲ್ಲಿನ ದಾರಿ ಲೋಕಲ್ ಗಾಡಿ, ಬೆಸ್ಟ್ ಬಸ್ಸು, ಮತ್ತು ದೋಣಿ. ಮಲಾಡಿನಲ್ಲಿಳಿದು ಮಡ್ ಕಡೆಯ ಬಸ್ಸು ಹಿಡಿದರೆ ಏರಂಗಳದ ಕಡಲ ದಂಡೆಯ ಸೇಂಟ್ ಬೊನಾವೆಂಚರ್ ಇಗರ್ಜಿ ಸಿಗುತ್ತದೆ. ವರ್ಸೋವಾದಿಂದ ದೋಣಿ ದಾಟಿಯೂ ಆ ಕಡೆಗೆ ಹೋಗಬಹುದು. ಮಾರ್ವೆಯಲ್ಲಿ ದೋಣಿ ಹತ್ತಿದರೆ ಮನೋರಿ, ಅಲ್ಲಿಂದ ಮುಂದೆ ಗೊರಾಯಿ, ಉತ್ತನ್. ಬಾಂದ್ರಾದ ಆಚೆ ದಕ್ಷಿಣಕ್ಕೆ ರಿಕ್ಷಾ ಬರುವುದಿಲ್ಲವೆಂಬುದು ಮುಂಬಯಿಗರಿಗೆ ಗೊತ್ತು, ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದವರಿಗೆ ಗೊತ್ತಿಲ್ಲ. ಮಾಹಿಮ್‌ಗೆ ಹೋಗುವವರ ಪುಟದಲ್ಲಿ ಆ ಮಾತು ಇರಬೇಕು. ಹಳಿ ರಿಪೇರಿಗೆಂದು ಲೋಕಲ್ ಗಾಡಿ ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕಿನ ಸೂಚನೆಯೂ ಇರಬೇಕು. ಗೊರಾಯಿ ಕಡೆ ಸಿಗ್ನಲ್ ಕೈಕೊಡುವ ಜಾಗಗಳಲ್ಲೂ ತೆರೆಯುವಷ್ಟು ಪುಟ ಹಗುರವಾಗಿರಬೇಕು, ಕಾಗದದ ಮೇಲೆ ಮುದ್ರಿಸಿಕೊಳ್ಳುವಂತಿರಬೇಕು. ಇವು ಸಣ್ಣ ವಿಷಯಗಳೆಂದು ವಿನ್ಯಾಸಕಾರರು ಕಡೆಗೆ ಬಿಡುತ್ತಾರೆ. ಮನೆಯಲ್ಲಿ ಕೂತವನು ಎದ್ದು ಹೊರಡುವುದೋ ಬಿಡುವುದೋ ತೀರ್ಮಾನವಾಗುವುದು ಇಂಥವುಗಳಲ್ಲೇ.

ದಾರಿಗಿಂತಲೂ ಮುಖ್ಯ ಹೊತ್ತು. ಇಗರ್ಜಿ ವಸ್ತುಸಂಗ್ರಹಾಲಯವಲ್ಲ. ಮಾಹಿಮ್‌ನಲ್ಲಿ 1948ರಿಂದ ಬುಧವಾರದ ನೊವೆನಾ ಪ್ರಾರ್ಥನೆ ನಡೆದುಬಂದಿದೆ. ಅಂದು ಎಲ್ಲ ಮತದವರೂ ಮೇಣದ ಬತ್ತಿ ಹಿಡಿದು ಬರುತ್ತಾರೆ. ಜನರನ್ನು ನೋಡಬೇಕೆನ್ನುವವರು ಬುಧವಾರ ಹೋಗಲಿ, ಕಟ್ಟಡ ನೋಡಬೇಕೆನ್ನುವವರು ಬುಧವಾರ ಬಿಟ್ಟು ಹೋಗಲಿ. ಸೆಪ್ಟೆಂಬರ್ 8, ನಮ್ಮ ಮಂಗಳೂರಿನ ಕ್ರೈಸ್ತರಿಗೆ ಮೊಂತಿ ಹಬ್ಬದ ದಿನ. ಬಾಂದ್ರಾದಲ್ಲಿ ಅದರ ಬೆನ್ನಿಗೇ ಒಂದು ವಾರದ ಜಾತ್ರೆ. ಆ ವಾರ ಮೌಂಟ್ ಮೇರಿಯ ವಾಸ್ತುಶಿಲ್ಪ ನೋಡಲು ಸಾಧ್ಯವಿಲ್ಲ, ಆದರೆ ಬಾಂದ್ರಾ ಏನೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ವಾರವಿಲ್ಲ. ಏರಂಗಳದ ಹಬ್ಬ ಜನವರಿಯ ಎರಡನೆಯ ಭಾನುವಾರ. ಸೀಪ್ಝ್ ಒಳಗಿನ ಅವಶೇಷಕ್ಕೆ ಮನಬಂದಾಗ ಹೋಗಲು ಬರುವುದೇ ಇಲ್ಲ. ಅದು ಕಾವಲಿರುವ ವಲಯ. ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟು ಇಲ್ಲಿದೆ ಎಂದರೆ ಜನ ಗೇಟಿನವರೆಗೆ ಹೋಗಿ ಬೈಸಿಕೊಂಡು ಬರುತ್ತಾರೆ. ಪೋಲೆಂಡಿನ ಆ ದಾರಿ ಗೆದ್ದದ್ದು ನಕ್ಷೆಯಿಂದಲ್ಲ; ಬೇಸಿಗೆಯಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಬಾಗಿಲು ತೆರೆದಿರುತ್ತದೆ ಎಂಬ ಭರವಸೆಯಿಂದ. ಆದ್ದರಿಂದ ಜಾಲತಾಣದ ಮುಖಪುಟದಲ್ಲಿ ನಕ್ಷೆಗಿಂತ ಮೇಲೆ ಪಂಚಾಂಗ ಇರಬೇಕು: ಈ ವಾರ ಎಲ್ಲೆಲ್ಲಿ, ಎಷ್ಟರಿಂದ ಎಷ್ಟರವರೆಗೆ ಬಾಗಿಲು ತೆರೆದಿದೆ ಎಂದು.

ಇಷ್ಟು ಓದುವ ತಾಳ್ಮೆ ಯಾರಿಗಿದೆ, ನೋಡಲೇಬೇಕಾದ ಹತ್ತು ಎಂದು ಹತ್ತು ಚೆಂದದ ಫೋಟೋ ಹಾಕಿದರೆ ಜನ ತಾವಾಗಿ ಬರುತ್ತಾರೆ ಎನ್ನುವವರಿದ್ದಾರೆ. ಬರುತ್ತಾರೆ, ಸುಳ್ಳಲ್ಲ. ಹಾಗೆ ಬಂದಾಗ ಏನಾಗುತ್ತದೆಂದು ಕರ್ನಾಟಕದಲ್ಲೇ ನೋಡಬಹುದು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಶನರಿಗಳು 1860ರ ಸುಮಾರಿಗೆ ಕಟ್ಟಿಸಿದ ಇಗರ್ಜಿ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಊರು ಬಿಟ್ಟುಹೋಯಿತು, ಮಾಡೂ ಹೋಯಿತು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಗೋಡೆಗಳ ಚಿತ್ರ ಅಂತರಜಾಲದಲ್ಲಿ ಹರಿದಾಡಿದ ಮೇಲೆ ಸಾವಿರಾರು ಜನ ಅಲ್ಲಿಗೆ ಬರತೊಡಗಿದರು. ಅವರು ಬಂದದ್ದು ತಪ್ಪಲ್ಲ, ಬರಬೇಕಾದದ್ದೇ. ಆದರೆ ಆ ಚಿತ್ರಗಳ ಜನಪ್ರಿಯತೆ ಒಂದು ಕಮಾನಿಗೂ ಆಸರೆ ಕೊಟ್ಟಿಲ್ಲ, ಏಕೆಂದರೆ ಚಿತ್ರ ಕೊಟ್ಟ ಕರೆಯಲ್ಲಿ ಕಟ್ಟಡದ ಆರೋಗ್ಯದ ಮಾತೇ ಇರಲಿಲ್ಲ. ಹಾಳು ಸುಂದರ ಎಂದಷ್ಟೇ ಅದು ಹೇಳಿತು. ಮುಂಬಯಿಯಲ್ಲಿ ಇನ್ನೂ ಮಾಡು ಇರುವ ಇಗರ್ಜಿಗಳಿಗೆ ಆ ಬಗೆಯ ಖ್ಯಾತಿ ಬೇಡ. ಓದುವ ತಾಳ್ಮೆಯ ಪ್ರಶ್ನೆಗೂ ದಾರಿ ಇದೆ. ಪುಟದ ಮೇಲ್ಭಾಗದಲ್ಲಿ ಮೂರೇ ಸಾಲು: ಏನು ನೋಡಬಹುದು, ಯಾವಾಗ, ಹೇಗೆ ಹೋಗುವುದು. ಅವಸರದವರು ಅಷ್ಟು ಓದಿ ಹೊರಡಲಿ. ಉಳಿದದ್ದನ್ನು ಗಾಡಿಯಲ್ಲಿ ಕೂತು ಓದಿಕೊಳ್ಳುತ್ತಾರೆ. ಚರ್ಚ್‌ಗೇಟಿನಿಂದ ಬೋರಿವಲಿಗೆ ಅದಕ್ಕೆ ಬೇಕಾದಷ್ಟು ಹೊತ್ತು ಇದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹಳೆಯ ಕೆತ್ತನೆ, ಹಳೆಯ ವಿಗ್ರಹ ಎಲ್ಲೆಲ್ಲಿದೆ ಎಂದು ಸಾರಿ ಹೇಳಿದರೆ ಕಳ್ಳರಿಗೆ ವಿಳಾಸ ಕೊಟ್ಟಂತಾಗುವುದಿಲ್ಲವೇ? ಹಳೆಯ ಮರದ ಮತ್ತು ದಂತದ ವಿಗ್ರಹಗಳಿಗೆ ಮಾರುಕಟ್ಟೆ ಇರುವುದು ನಿಜ. ಈ ಭಯವನ್ನು ತಳ್ಳಿಹಾಕುವುದು ಬೇಜವಾಬ್ದಾರಿ. ಅದಕ್ಕೇ ನಾನು ಮಾಡಿನಿಂದ, ತೊಲೆಯಿಂದ ಮಾತು ಶುರು ಮಾಡಿದ್ದು. ತೊಲೆಯನ್ನು ಯಾರೂ ಚೀಲದಲ್ಲಿ ಹಾಕಿಕೊಂಡು ಹೋಗಲಾರರು. ಎತ್ತಿಕೊಂಡು ಹೋಗಬಲ್ಲ ಯಾವ ವಸ್ತುವಿನ ಚಿತ್ರವನ್ನೂ ಅದಿರುವ ಜಾಗದ ಜತೆ ಹಾಕಬಾರದು ಎಂಬುದನ್ನು ಜಾಲತಾಣ ಕಟ್ಟುವವರು ಕಟ್ಟುನಿಟ್ಟಿನ ನಿಯಮ ಮಾಡಿಕೊಳ್ಳಬೇಕು. ಅಂಥವನ್ನು ನೋಡಬೇಕೆನ್ನುವವರಿಗೆ ಗೋರೆಗಾಂವ್‌ನ ಸೇಂಟ್ ಪಯಸ್ ಕಾಲೇಜಿನ ಆವರಣದಲ್ಲಿ ಮುಂಬಯಿ ಆರ್ಚ್‌ಡಯಾಸಿಸ್‌ನ, ಅಂದರೆ ಮಹಾಧರ್ಮಪ್ರಾಂತದ, ಪರಂಪರೆ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ದಾರಿ ತೋರಿಸಿದರಾಯಿತು. ಧರ್ಮಗುರುಗಳ ಒಪ್ಪಿಗೆ ಇಲ್ಲದೆ ಒಂದು ಪುಟವೂ ಹೊರಬರಬಾರದು. ಇದರಿಂದ ಕೆಲಸ ನಿಧಾನವಾಗುತ್ತದೆ. ನಿಧಾನವಾಗಲಿ.

ಪ್ರಾರ್ಥನೆಯ ಜಾಗಕ್ಕೆ ಪ್ರವಾಸಿಗರು ಏಕೆ ಎಂದು ಕೇಳುವವರ ಮನಸ್ಸನ್ನೂ ನಾನು ಗೌರವಿಸುತ್ತೇನೆ. ಆದರೆ ಈ ಇಗರ್ಜಿಗಳ ಸುತ್ತ ಬದುಕಿದ ಜನರ ಪರಿಸ್ಥಿತಿಯನ್ನೂ ನೋಡಬೇಕು. ಈ ಊರಿನ ಮೂಲನಿವಾಸಿ ಕ್ರೈಸ್ತರು ತಮ್ಮನ್ನು ಈಸ್ಟ್ ಇಂಡಿಯನ್ ಎಂದು ಕರೆದುಕೊಂಡದ್ದು, 1887ರಲ್ಲಿ ಸಂಘ ಕಟ್ಟಿಕೊಂಡದ್ದು, ಗೋವಾದಿಂದಲೂ ನಮ್ಮ ಮಂಗಳೂರಿನಿಂದಲೂ ಕೆಲಸಕ್ಕೆ ಬಂದ ಕ್ರೈಸ್ತರಿಂದ ತಮ್ಮನ್ನು ಬೇರೆಯಾಗಿ ಗುರುತಿಸಲೆಂದು. ಗಿರಗಾಂವ್‌ನ ಖೋತಾಚಿವಾಡಿ, ಮಝಗಾಂವ್‌ನ ಮಾಥಾರಪಾಖಾಡಿ, ಬಾಂದ್ರಾದ ರನ್ವಾರ್ ಅವರ ಹಳ್ಳಿಗಳು: ಹೊರಗಡೆಯೇ ಏರುವ ಮರದ ಮೆಟ್ಟಿಲು, ಮರದ ಜಗಲಿ, ಗಲ್ಲಿಯ ತಿರುವಿನಲ್ಲಿ 1896ರ ಪ್ಲೇಗಿನ ಕಾಲದಿಂದ ನಿಂತ ಶಿಲುಬೆಗಳು. ಖೋತಾಚಿವಾಡಿಯ ಹೆಸರು ಬಂದದ್ದು ದಾದೋಬಾ ವಾಮನ ಖೋತ್ ಎಂಬ ಪಾಠಾರೆ ಪ್ರಭು ಜಮೀನುದಾರನಿಂದ. ಅಲ್ಲಿದ್ದ ಹಳೆಯ ಮನೆಗಳಲ್ಲಿ ಅರ್ಧದಷ್ಟೂ ಈಗ ಉಳಿದಿಲ್ಲ. ಇಗರ್ಜಿಯ ಮಾಡೂ ಈ ಮನೆಗಳ ಮಾಡೂ ಒಂದೇ ಬಡಗಿಗಳ ವಿದ್ಯೆ. ಒಂದು ಹೋದರೆ ಇನ್ನೊಂದನ್ನು ರಿಪೇರಿ ಮಾಡಬಲ್ಲ ಕೈಗಳೂ ಇಲ್ಲವಾಗುತ್ತವೆ. ತಿಳಿದು, ಸದ್ದಿಲ್ಲದೆ, ಹೇಳಿದ ಹೊತ್ತಿಗೆ ಬರುವ ಅತಿಥಿ ಪ್ರಾರ್ಥನೆಗೆ ಅಡ್ಡಿಯಲ್ಲ. ಬಿಲ್ಡರನ ಮುಂದೆ ಸೋಲುತ್ತಿರುವ ಒಂದು ವಾಡಿಗೆ ತನ್ನನ್ನು ನೋಡಲು ಹೊರಗಿನವರು ಬರುತ್ತಾರೆಂಬುದು ಸಣ್ಣ ಬಲವೇನಲ್ಲ.

ಕಡೆಯದು ಹಣದ ಪ್ರಶ್ನೆ: ಜಾಲತಾಣಕ್ಕೆ ಸುರಿಯುವ ದುಡ್ಡನ್ನು ನೇರವಾಗಿ ಮಾಡಿಗೇ ಹಾಕಬಾರದೇಕೆ? ಎರಡನ್ನೂ ಒಂದೇ ಮಾಡಬಹುದೆಂದು ನನ್ನ ನಂಬಿಕೆ. 1995ರ ಪರಂಪರೆ ನಿಯಮಗಳು ಮುಂಬಯಿಯ ಕಟ್ಟಡಗಳಿಗೆ ದರ್ಜೆ ಕೊಟ್ಟವು, ಕೆಡವಲು ಅನುಮತಿ ಬೇಕೆಂದವು; ಹಂಚು ಕೈಯಾಡಿಸಲು ಯಾರೂ ದುಡ್ಡು ಕೊಡಲಿಲ್ಲ. ಫೋರ್ಟಿನ ಸೇಂಟ್ ಥಾಮಸ್ ಕೆಥೆಡ್ರಲ್, ಚರ್ಚ್‌ಗೇಟಿಗೆ ಹೆಸರು ಕೊಟ್ಟ ಇಗರ್ಜಿ, ತನ್ನ ಜೀರ್ಣೋದ್ಧಾರಕ್ಕಾಗಿ 2004ರಲ್ಲಿ ಯುನೆಸ್ಕೊ ಪ್ರಶಸ್ತಿ ಪಡೆಯಿತು. ಅದಕ್ಕೆ ನಗರದ ನಡುವಿನ ಜಾಗ, ಹೆಸರು, ಹಿತೈಷಿಗಳು ಎಲ್ಲ ಇದ್ದವು. ಗೊರಾಯಿಯ ಇಗರ್ಜಿಗೋ ಏರಂಗಳದ ಇಗರ್ಜಿಗೋ ಅಂಥ ಅನುಕೂಲವಿಲ್ಲ. ಅವುಗಳ ಪುಟದಲ್ಲಿ ಕೊನೆಯ ಸಲ ಹಂಚು ಕೈಯಾಡಿಸಿದ್ದು ಯಾವಾಗ, ಈ ಮೇ ತಿಂಗಳಲ್ಲಿ ಎಷ್ಟು ಹಂಚು, ಎಷ್ಟು ರೀಪು ಬೇಕು, ಅದರ ಖರ್ಚೆಷ್ಟು, ಅದರಲ್ಲಿ ಬಂದದ್ದೆಷ್ಟು ಎಂದು ಬರೆದರೆ ನೋಡಲು ಬಂದವನಿಗೆ ಕಾಣಿಕೆ ಡಬ್ಬಿಯಲ್ಲಿ ಹಾಕುವ ನೂರು ರೂಪಾಯಿ ಎಲ್ಲಿಗೆ ಹೋಗುತ್ತದೆಂದು ಗೊತ್ತಾಗುತ್ತದೆ. ಧರ್ಮಕೇಂದ್ರದ ಒಬ್ಬ ಕಾಲೇಜು ಹುಡುಗಿಯೋ ನಿವೃತ್ತ ಗುಮಾಸ್ತರೋ ವಾರಕ್ಕೊಮ್ಮೆ ಕೂತು ತುಂಬಬಲ್ಲಷ್ಟು ಸರಳವಾಗಿರಲಿ ಆ ನಮೂನೆ. ಮರಾಠಿ, ಕೊಂಕಣಿ, ಇಂಗ್ಲಿಷ್, ಕನ್ನಡ ಯಾವುದರಲ್ಲಾದರೂ ತುಂಬಲಿ. ಬಾಂದ್ರಾ, ಮರೋಳ್, ಏರಂಗಳ, ಮನೋರಿ, ಗೊರಾಯಿ, ಬೋರಿವಲಿ ಎಂದು ಪಶ್ಚಿಮ ಉಪನಗರಗಳ ಆರು ಜಾಗಗಳಿಂದ ಆರಂಭಿಸಿದರೂ ಸಾಕು. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ, ಬಡಗಿಯೊಬ್ಬರನ್ನು ಕರೆದುಕೊಂಡು ಹೋಗಿ ಗೋಡೆಯೊಳಗೆ ಹುಗಿದ ತೊಲೆಯ ತುದಿಗಳನ್ನು ಕುಟ್ಟಿ ನೋಡಿ ಬರೆದಿಟ್ಟುಕೊಂಡರೆ ಮೊದಲ ಆರು ಪುಟಗಳಿಗೆ ಬೇಕಾದ ವಿವರ ಕೈಗೆ ಬರುತ್ತದೆ. ಜನವರಿಯ ಏರಂಗಳದ ಹಬ್ಬಕ್ಕೆ ಮುಂಚೆ ಅವು ಸಿದ್ಧವಾಗಿರಬಹುದು.